ಬೈಕಿಗೆ ಹೊಸ ಬ್ಯಾಟರಿ: ಅಂಗಡಿಗೆ ಹೋಗುವ ಮೊದಲು ಓದಿಕೊಳ್ಳಲು

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಎಷ್ಟೋ ಮನೆಗಳ ಚಾವಡಿ ಬದಿಯಲ್ಲಿ ಒಂದು ಬೈಕ್ ಸುಮ್ನೆ ನಿಂತಿರುತ್ತದೆ. ಓಡಿಸುವವರು ಗಲ್ಫಿನಲ್ಲಿ. ರಜೆಗೆ ಬಂದು ಸೆಲ್ಫ್ ಒತ್ತಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. ನನ್ನ ಭಾವನ ಬೈಕೂ ಹತ್ತು ತಿಂಗಳು ಹಾಗೇ ನಿಂತಿತ್ತು. ಅದರ ಬ್ಯಾಟರಿ ಬದಲಾಯಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೂ ವೀಲರ್ ಕೆಲಸ ಕಲಿಯುವ ನಮಗೆ ಪಾಠ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿಗುತ್ತದೆ. ಕನ್ನಡದಲ್ಲಿ ಒಮ್ಮೆ ಬರೆದುಕೊಂಡರೆ ತಲೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಮೊದಲ ಪ್ರಶ್ನೆ: ಹೋದದ್ದು ಬ್ಯಾಟರಿಯೇನಾ?

ಅಂಗಡಿಯಲ್ಲಿ ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿ "ಇದ್ ಪೋಯಿ" (ಇದು ಹೋಯಿತು) ಅಂದರೆ ಮುಗಿಯಿತು, ಹೊಸದು ತಂದುಬಿಡುತ್ತೇವೆ. ಆದರೆ ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಇವೆರಡನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ಕೆಲಸ ಕಲಿತ ಹಾಗೆ.

12 ವೋಲ್ಟಿನ ಬ್ಯಾಟರಿಯ ಒಳಗೆ 6 ಸೆಲ್ ಇರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಹಾಗಾಗಿ ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸುತ್ತದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12.0 ಅಂದರೆ ಕಾಲು ಭಾಗ. ಬೈಕ್ ಓಡಿಸಿ ಬಂದ ಕೂಡಲೇ ಅಳೆಯಬೇಡಿ, ಆಗ ಮೀಟರ್ ಜಾಸ್ತಿ ತೋರಿಸುತ್ತದೆ. ಕೆಲವು ಗಂಟೆ ಬಿಟ್ಟು ಅಳೆಯಿರಿ.

ಭಾವನ ಬ್ಯಾಟರಿ 10.5 ತೋರಿಸಿತು. ಪೂರ್ತಿ ಇಳಿದಿದೆ ಅಂದುಕೊಂಡು ರಾತ್ರಿಯಿಡೀ ಚಾರ್ಜ್‌ಗೆ ಇಟ್ಟೆ. (ಚಾರ್ಜ್ ಮಾಡುವ ಕರೆಂಟ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂದು ಹೇಳುವ ಆಂಪಿಯರ್ ಅವರ್‌ನ ಹತ್ತರಲ್ಲಿ ಒಂದು ಪಾಲು ಇರಲಿ. 5 ಆಂಪಿಯರ್ ಅವರ್‌ನದ್ದಕ್ಕೆ ಅರ್ಧ ಆಂಪಿಯರ್. ಕಾರಿನ ಚಾರ್ಜರ್ ಹಾಕಿ ಅವಸರ ಮಾಡಿದರೆ ಬಿಸಿಯಾಗಿ ಉಬ್ಬುತ್ತದೆ.) ಬೆಳಗ್ಗೆ ಚಾರ್ಜರ್ ತೆಗೆದಾಗ 12ರ ಹತ್ತಿರ ಇತ್ತು. ಸಂಜೆಗೆ ಮತ್ತೆ 10.5. ಈಗ ಲೆಕ್ಕ ಹಾಕಿ: 5 ಸೆಲ್, ತಲಾ 2.1, ಒಟ್ಟು 10.5. ಐದು ಸೆಲ್ ತುಂಬಿವೆ, ಆರನೆಯದು ಒಳಗೇ ಶಾರ್ಟ್ ಆಗಿದೆ. ಅದನ್ನು ಇನ್ನೆಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಒಂದು ವೇಳೆ ಮರುದಿನವೂ 12.6 ನಿಂತಿದ್ದರೆ ಆಗ ಸೆಲ್ಫ್ ಒತ್ತಿ ನೋಡಬೇಕಿತ್ತು. ಒತ್ತಿದಾಗ ವೋಲ್ಟ್ 10ರ ಕೆಳಗೆ ದಡಕ್ಕನೆ ಬಿದ್ದರೆ ಬ್ಯಾಟರಿಗೆ ಶಕ್ತಿ ಇಲ್ಲ. ಅಷ್ಟು ಬೀಳದಿದ್ದರೆ ಬ್ಯಾಟರಿ ಸರಿ ಇದೆ, ತಪ್ಪು ಬೇರೆ ಕಡೆ ಇದೆ.

ಬೇರೆ ಕಡೆ ಅಂದರೆ ಹೆಚ್ಚಾಗಿ ಚಾರ್ಜಿಂಗ್. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ಯಾಟರಿಯ ಪ್ಲಸ್, ಮೈನಸ್ ಟರ್ಮಿನಲ್‌ನಲ್ಲಿ ಅಳೆಯಿರಿ. 13.5ರಿಂದ 14.5ರ ಒಳಗೆ ಬರಬೇಕು. 12.5ರಲ್ಲೇ ಕುಳಿತಿದ್ದರೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್, ವೋಲ್ಟ್ ಹದದಲ್ಲಿಡುವ ರೆಗ್ಯುಲೇಟರ್, ಅವುಗಳ ವಯರ್ ಸೇರಿಸುವ ಕಪ್ಲರ್ ನೋಡಿ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಅದನ್ನು ಸರಿ ಮಾಡದೆ ಹೊಸ ಬ್ಯಾಟರಿ ಇಟ್ಟರೆ ಅದೂ ಬೆಂದು ಹೋಗುತ್ತದೆ. ಗಿರಾಕಿಯ ದುಡ್ಡು ದಂಡ ಆಗುವುದು ಇಲ್ಲೇ. ಆದ್ದರಿಂದ ಈ ಒಂದು ಅಳತೆಯನ್ನು ಯಾವತ್ತೂ ಬಿಡಬೇಡಿ.

ನಿಂತ ಬೈಕಿನ ಬ್ಯಾಟರಿ ಯಾಕೆ ಸಾಯುತ್ತದೆ?

ಬ್ಯಾಟರಿ ಇಳಿಯುವಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್‌ಗೆ ಇಟ್ಟರೆ ಅದು ಕರಗಿ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಮತ್ತೆ ಬಿಡುವುದಿಲ್ಲ. ಸೆಕೆ ಜಾಸ್ತಿ ಇದ್ದಷ್ಟೂ ಬ್ಯಾಟರಿ ತಾನಾಗಿ ಬೇಗ ಇಳಿಯುತ್ತದೆ. ಅದರ ಮೇಲೆ ಬೈಕಿನ ಸ್ಪೀಡೋಮೀಟರಿನ ಗಡಿಯಾರ, ಅಲಾರಂ ಇವೂ ಚೂರು ಚೂರು ಕರೆಂಟ್ ಎಳೆಯುತ್ತವೆ. ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಟರ್ಮಿನಲ್‌ಗೆ ಬೇಗ ಕಿಲುಬು ಹಿಡಿಯುವುದೂ ಇದೆ. ಹಸಿರು ಬಿಳಿ ಪುಡಿ ಕಂಡರೆ ಸೋಡಾಪುಡಿ ಕಲಸಿದ ನೀರಿನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಹಚ್ಚಿ. ಕೆಲವು ಸಲ ಇಷ್ಟಕ್ಕೇ ಬೈಕ್ ಸ್ಟಾರ್ಟ್ ಆಗುತ್ತದೆ.

ಆರಿಸುವುದು

ಹಳೆಯ ಬ್ಯಾಟರಿಯನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಅಥವಾ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಮೊದಲೊಮ್ಮೆ ನಾನು ಬರೀ "5 ಆಂಪಿಯರ್‌ನದ್ದು ಕೊಡಿ" ಎಂದು ಕೇಳಿ ತಂದಿದ್ದೆ. ಪೆಟ್ಟಿಗೆಯೊಳಗೆ ಸರಿಯಾಗಿ ಕೂತಿತು, ಆದರೆ ಪ್ಲಸ್ ಟರ್ಮಿನಲ್ ಎದುರು ಬದಿಯಲ್ಲಿತ್ತು, ವಯರ್ ಮುಟ್ಟಲಿಲ್ಲ. ಇದು ಸಣ್ಣ ವಿಷಯ ಅಲ್ಲ. ತಿರುಗಿಸಿ ಇಟ್ಟು ಅವಸರದಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹಾರುತ್ತದೆ, ರೆಗ್ಯುಲೇಟರ್ ಸುಡಬಹುದು. ಟರ್ಮಿನಲ್ ಇರುವ ಬದಿಯನ್ನು ನಿಮ್ಮ ಕಡೆ ಮಾಡಿ ಹಿಡಿದು, ಪ್ಲಸ್ ಎಡಕ್ಕೋ ಬಲಕ್ಕೋ ಎಂದು ಬರೆದಿಟ್ಟುಕೊಳ್ಳಿ. ಉದ್ದ, ಅಗಲ, ಎತ್ತರ ಮಿಲಿಮೀಟರಿನಲ್ಲಿ ಅಳೆದುಕೊಳ್ಳಿ.

ಆಂಪಿಯರ್ ಅವರ್ ಎಷ್ಟಿರಬೇಕು? ಕಂಪನಿ ಹೇಳಿದಷ್ಟು. ಬರೀ ಕಿಕ್ಕರ್ ಇದ್ದ ಹಳೇ 100 ಸಿಸಿ ಬೈಕುಗಳಿಗೆ 2.5 ಸಾಕಿತ್ತು, ಸೆಲ್ಫ್ ಇರುವ ದೊಡ್ಡ ಬೈಕಿಗೆ 8, 9 ಇರುತ್ತದೆ. ಕಡಿಮೆಯದ್ದು ಹಾಕಿದರೆ ಸೆಲ್ಫ್ ಎಳೆಯುವುದಿಲ್ಲ. ಸ್ವಲ್ಪ ಜಾಸ್ತಿಯದ್ದು ಹಾಕಿದರೆ ಬೈಕಿಗೆ ಕೆಡುಕೇನೂ ಇಲ್ಲ, ಪೆಟ್ಟಿಗೆಯೊಳಗೆ ಹಿಡಿಸಬೇಕು ಅಷ್ಟೇ. 5 ಆಂಪಿಯರ್ ಅವರ್ ಅಂದರೆ ಅರ್ಧ ಆಂಪಿಯರ್‌ನಂತೆ 10 ಗಂಟೆ ಕೊಡುತ್ತದೆ ಎಂದು ಅರ್ಥ. 35 ವ್ಯಾಟಿನ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಎಂಜಿನ್ ನಿಲ್ಲಿಸಿ ಲೈಟ್ ಉರಿಸಿಟ್ಟರೆ ಎಷ್ಟು ಬೇಗ ಖಾಲಿ ಆಗುತ್ತದೆ ನೋಡಿ.

ಇನ್ನು ಜಾತಿ. ಆಸಿಡ್ ತುಂಬಿ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುವ ಹಳೇ ತರಹದ್ದು ಅಗ್ಗ. ಆದರೆ ಅದಕ್ಕೆ ಗಾಳಿ ಹೋಗುವ ಪೈಪ್ ಇರುತ್ತದೆ. ಆ ಪೈಪ್ ಮಡಚಿ ಹೋಗಬಾರದು, ಚೈನಿನ ಮೇಲೆ ಆಸಿಡ್ ತೊಟ್ಟಿಕ್ಕಬಾರದು. ಸೀಲ್ ಮಾಡಿದ ಮೆಂಟೆನೆನ್ಸ್ ಫ್ರೀ ಬ್ಯಾಟರಿಯಲ್ಲಿ ಆಸಿಡನ್ನು ಗಾಜಿನ ನಾರಿನ ಚಾಪೆ ಹೀರಿಕೊಂಡಿರುತ್ತದೆ. ನಮ್ಮ ಗುಂಡಿ ಬಿದ್ದ ಗುಡ್ಡದ ದಾರಿಗೆ ಇದೇ ಒಳ್ಳೆಯದು ಎಂದು ನನಗನಿಸುತ್ತದೆ. ಲಿಥಿಯಂ ತುಂಬ ಹಗುರ, ಬೆಲೆಯೂ ಜಾಸ್ತಿ. ಅದರ ಮೇಲೆ ಬರೆದ ಆಂಪಿಯರ್ ಅವರ್ ಕೆಲವು ಸಲ ಸೀಸದ ಬ್ಯಾಟರಿಗೆ ಹೋಲಿಸಿ ಬರೆದದ್ದು, ನಿಜವಾದದ್ದು ಕಡಿಮೆ. ಬೈಕಿನ ಚಾರ್ಜಿಂಗ್ ಸರಿಯಾಗಿದೆ ಎಂದು ಖಾತ್ರಿ ಇಲ್ಲದೆ ಅದರ ಕಡೆ ಹೋಗಬೇಡಿ.

ತಯಾರಾದ ತಿಂಗಳು ನೋಡಲೇಬೇಕು. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಬ್ಯಾಟರಿಗೂ ಚಾವಡಿಯಲ್ಲಿ ನಿಂತ ಬೈಕಿನ ಬ್ಯಾಟರಿಗೂ ವ್ಯತ್ಯಾಸವೇನು? ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ. 12.4ಕ್ಕಿಂತ ಕಡಿಮೆ ಇದ್ದರೆ ಬೇರೆ ಕೇಳಿ. ವಾರಂಟಿ ಕಾರ್ಡಿಗೆ ಸೀಲ್, ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಎರಡನ್ನೂ ಅಲ್ಲೇ ನಿಂತು ಬರೆಸಿಕೊಳ್ಳಿ.

2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಇದೆ. ಬೈಕಿನೊಳಗಿನ ಪೆಟ್ರೋಲ್ ಪಂಪಿಗೂ, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ಕರೆಂಟ್ ಬೇಕು. ಹಳೇ ಕಾರ್ಬುರೇಟರ್ ಬೈಕಿನಂತೆ ಸತ್ತ ಬ್ಯಾಟರಿ ಇಟ್ಟುಕೊಂಡು ಕಿಕ್ಕರ್ ಹೊಡೆದು ದಿನ ದೂಡಲು ಇವುಗಳಲ್ಲಿ ಹೆಚ್ಚಾಗಿ ಆಗುವುದಿಲ್ಲ.

ಕೂರಿಸುವುದು

ತೆಗೆಯುವಾಗ ಮೊದಲು ಮೈನಸ್. ಹಾಕುವಾಗ ಮೊದಲು ಪ್ಲಸ್. ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ: ಬೈಕಿನ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟೆಲ್ಲ ಮೈನಸ್ಸೇ. ಮೈನಸ್ ಸಿಕ್ಕಿಸಿರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಚಾಸಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಉಂಗುರ ತೆಗೆದಿಟ್ಟು ಕೆಲಸ ಮಾಡಿ.

ಹಳೆಯದನ್ನು ಅಂಗಡಿಗೇ ಕೊಡಿ, ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ. ಹಳೇ ಬ್ಯಾಟರಿ ಕಸದ ಜೊತೆ ಸೇರದೆ ರೀಸೈಕಲ್ ಆಗಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಹೇಳುತ್ತದೆ. ಆಸಿಡನ್ನು ಮಾತ್ರ ತೋಟದ ಬದಿಗೆ ಚೆಲ್ಲಬೇಡಿ. ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಆ ಆಸಿಡಿನಲ್ಲಿ ಸೀಸ ಇರುತ್ತದೆ.

ಭಾವ ಮತ್ತೆ ಹೊರಡುವ ದಿನ ಹೊಸ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿ ಟೇಪ್ ಸುತ್ತಿಟ್ಟೆ. ತಿಂಗಳಿಗೊಮ್ಮೆ ಅಕ್ಕನ ಮನೆಗೆ ಚಾರ್ಜರ್ ಹಿಡಿದುಕೊಂಡು ಹೋಗುತ್ತೇನೆ. ಮೊನ್ನೆ ಅಳೆದಾಗ 12.7 ಇತ್ತು.