ವೋಲ್ಟೇಜ್ 180ಕ್ಕೆ ಇಳಿದರೆ ಹೀಟರ್ ಜಾಸ್ತಿ ಕರೆಂಟ್ ಎಳೆಯುತ್ತಾ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ಬೋರ್‌ವೆಲ್ ಮೋಟರ್‌ಗಳು ಓಡುವ ಹೊತ್ತಿಗೆ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ಹೀಟರ್ ಆಗ ಜಾಸ್ತಿ ಆಂಪ್ಸ್ ಎಳೆದು ಬಿಲ್ ಏರಿಸುತ್ತಾ? 1500ನ್ನು 180ರಿಂದ ಭಾಗಿಸಿದರೆ 8.3 ಬರುತ್ತೆ.

ಉತ್ತರ: ಭಾಗಾಕಾರ ಸರಿಯಿದೆ, ತಗೊಂಡ ಸಂಖ್ಯೆ ತಪ್ಪು. ಹೀಟರಿನ ಮೇಲೆ ಬರೆದ 1500 ವ್ಯಾಟ್ ಅನ್ನೋದು 230 ವೋಲ್ಟ್ ಸಿಕ್ಕಾಗಿನ ಮಾತು. ವೋಲ್ಟೇಜ್ ಇಳಿದಾಗ ವ್ಯಾಟೂ ಇಳಿಯುತ್ತದೆ; ಹೆಚ್ಚುಕಡಿಮೆ ಹಾಗೇ ಉಳಿಯುವುದು ಒಳಗೆ ಕಾಯುವ ನೈಕ್ರೋಮ್ ತಂತಿಯ ಕಾಯಿಲ್‌ನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ; ಅದರ ಅಳತೆ ಓಮ್. ಮೊದಲು ಅದನ್ನು ಕಂಡುಹಿಡಿಯಿರಿ.

1500 ÷ 230 = 6.52 ಆಂಪಿಯರ್. 230 ÷ 6.52 = 35.3 ಓಮ್. ಈಗ 180 ವೋಲ್ಟಿಗೆ ಲೆಕ್ಕ ಹಾಕಿ: 180 ÷ 35.3 = 5.1 ಆಂಪಿಯರ್, 180 × 5.1 = 918 ವ್ಯಾಟ್. ವೋಲ್ಟೇಜ್ ಇಳಿದದ್ದು ನೂರಕ್ಕೆ 22ರಷ್ಟು, ಕಾವು ಇಳಿದದ್ದು 39ರಷ್ಟು. ವೋಲ್ಟೇಜ್ ಜೊತೆ ಆಂಪ್ಸೂ ಇಳಿಯುವುದರಿಂದ ಎರಡು ಕಡೆ ಪೆಟ್ಟು.

15 ಲೀಟರ್ ನೀರು 25 ಡಿಗ್ರಿಯಿಂದ 45ಕ್ಕೆ ಏರಲು 230 ವೋಲ್ಟಿನಲ್ಲಿ ಸುಮಾರು 14 ನಿಮಿಷ ಸಾಕು. 180ರಲ್ಲಿ 23 ನಿಮಿಷ. ಖರ್ಚು ಎರಡಕ್ಕೂ 0.35 ಯೂನಿಟ್ಟಿನ ಆಸುಪಾಸು. ನಿಧಾನವಾದಷ್ಟೂ ಬಕೆಟ್ಟಿನಿಂದ ಗಾಳಿಗೆ ಹೋಗುವ ಕಾವು ಒಂದಿಷ್ಟು ಹೆಚ್ಚು, ಅಷ್ಟೇ.

ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು, ಎರಡು ಪಿನ್ನಿನ ನಡುವೆ ಓಮ್ ನೋಡಿ. 35ರ ಹತ್ತಿರ ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಟ್ಟಾಗಿದೆ. ದಪ್ಪ ಅರ್ತ್ ಪಿನ್ನಿಗೂ ಉಳಿದೆರಡರಲ್ಲೊಂದಕ್ಕೂ ನಡುವೆ ರೀಡಿಂಗ್ ಬಂದರೆ ಆ ಹೀಟರನ್ನು ನೀರಿಗಿಳಿಸಲೇಬೇಡಿ. ಹಳೇ ಬುರುಡೆ ಬಲ್ಬಿಗೆ ಮಾತ್ರ ಈ ಉಪಾಯ ನಡೆಯಲ್ಲ: ತಣ್ಣಗಿರುವಾಗ ಅದರ ರೋಧ ಉರಿಯುವಾಗಿನ ಹತ್ತನೇ ಒಂದು ಪಾಲೂ ಇರುವುದಿಲ್ಲ.

ನಿಮ್ಮ ಅನುಮಾನ ನಿಜವಾಗುವುದು ಮೋಟರಿನಲ್ಲಿ. ಪಂಪಿಗೆ ನೀರೆತ್ತುವ ಹೊರೆ ಹಾಗೇ ಇರುತ್ತದೆ. ವೋಲ್ಟೇಜ್ ಇಳಿದರೆ ಅದನ್ನು ತಳ್ಳಲು ಮೋಟರ್ ಆಂಪ್ಸ್ ಏರಿಸಿಕೊಳ್ಳುತ್ತದೆ. ವೈಂಡಿಂಗಿನ (ಮೋಟರಿನೊಳಗೆ ಸುತ್ತಿದ ತಂತಿಯ) ಕಾವು ಆಂಪ್ಸಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಆಂಪ್ಸ್ 20ರಷ್ಟು ಜಾಸ್ತಿಯಾದರೆ ಕಾವು 44ರಷ್ಟು ಜಾಸ್ತಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಆಂಪ್ಸ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಭಾಗ) ನೇಮ್‌ಪ್ಲೇಟಿನ ಆಂಪ್ಸಿಗಿಂತ ಮೇಲೆ ತಿರುಗಿಸಿಟ್ಟರೆ, ಸುಡುವುದು ವೈಂಡಿಂಗೇ. ಮೋಟರಿನ ವೈಂಡಿಂಗ್ ಓಮ್ ಅಳೆದು ವ್ಯಾಟ್ ಕಟ್ಟಲೂ ಹೋಗಬೇಡಿ, ಲೆಕ್ಕ ಹಾಸ್ಯಾಸ್ಪದವಾಗುತ್ತದೆ.

ಇನ್ನೊಂದು ಅಳತೆ ತಗೊಳ್ಳಿ. ಹೀಟರ್ ಹಾಕುವ ಮೊದಲು, ಹಾಕಿದ ಮೇಲೆ, ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿ. 230 ಇದ್ದದ್ದು 215 ಆಯಿತು ಅನ್ನಿ. ಆಗ ಹೀಟರ್ ಎಳೆಯುವುದು 6.1 ಆಂಪಿಯರ್; ಹೋದ 15 ವೋಲ್ಟನ್ನು ಅದರಿಂದ ಭಾಗಿಸಿದರೆ ದಾರಿಯ ರೋಧ 2.5 ಓಮ್. ಅಲ್ಲಿ ಸುಡುತ್ತಿರುವುದು 15 × 6.1, ಅಂದರೆ 91 ವ್ಯಾಟ್. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಒಯ್ಯುವಾಗ ವೋಲ್ಟೇಜ್ ಏರಿಸಿ ಆಂಪ್ಸ್ ತಗ್ಗಿಸಿದ್ದು ಇದೇ ನಷ್ಟಕ್ಕೆ ಹೆದರಿ.)

1.5 ಚದರ ಮಿಲಿಮೀಟರ್ ತಾಮ್ರದ ವೈರು 20 ಮೀಟರ್ ಹೋಗಿ ಬಂದರೂ ರೋಧ ಅರ್ಧ ಓಮ್ ಮಾತ್ರ. ತಿನ್ನುವುದು ಮೂರು ವೋಲ್ಟ್. ಉಳಿದ ಹನ್ನೆರಡು ಹೋಗುತ್ತಿರುವುದು ಕಂಬದಿಂದ ಮನೆಗೆ ಬರುವ ಉದ್ದದ ಸರ್ವಿಸ್ ವೈರಿನಲ್ಲೋ ಸಡಿಲ ಜಾಯಿಂಟಿನಲ್ಲೋ. ಈಗ ಮೀಟರ್ ಬೋರ್ಡಿನ ಬಳಿಯ ಸಾಕೆಟ್ಟಿನಲ್ಲೂ ಹಾಗೇ ಅಳೆಯಿರಿ. ಅಲ್ಲೂ ಅಷ್ಟೇ ಇಳಿದರೆ ತಪ್ಪು ಮೀಟರಿನಲ್ಲೋ ಅದಕ್ಕೂ ಹಿಂದೆಯೋ ಇದೆ, ಕಂಬದ ಕಡೆ, ಲೈನ್‌ಮನ್‌ಗೆ ಹೇಳಿ. ಅಲ್ಲಿ ಸರಿಯಿದ್ದರೆ ಮೇನ್ ಆಫ್ ಮಾಡಿಸಿ, ಒಳಗಿನ ಸ್ಕ್ರೂ ಒಂದೊಂದೇ ಬಿಗಿ ಮಾಡಿಸಿ.