ಛೇದನದ ಮೇಜಿಗೆ ಕೊಲೆಯ ದಾರಿಯಲ್ಲಿ ಬಂದವರು

1828ರ ಅಕ್ಟೋಬರ್ 31, ಹ್ಯಾಲೊವೀನ್ ರಾತ್ರಿ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ವೆಸ್ಟ್ ಪೋರ್ಟ್ ಪ್ರದೇಶದ ಒಂದು ಬಡ ಮನೆಯಲ್ಲಿ ಕುಡಿತ, ಹಾಡು, ಕುಣಿತಗಳು ನಡೆದಿದ್ದವು. ಮಗನನ್ನು ಹುಡುಕಿಕೊಂಡು ಆ ಊರಿಗೆ ಬಂದಿದ್ದ ಮಾರ್ಗರೆಟ್ ಡೊಕರ್ಟಿ ಎಂಬ ಐರಿಷ್ ಹೆಂಗಸನ್ನು, ತನ್ನ ತಾಯಿಯೂ ಅದೇ ಮನೆತನದವಳೆಂದು ನಂಬಿಸಿ, ವಿಲಿಯಂ ಬರ್ಕ್ ಎಂಬಾತ ಅಲ್ಲಿಗೆ ಕರೆತಂದಿದ್ದ. ಮರುದಿನ, ಅದೇ ಮನೆಯಲ್ಲಿ ತಂಗಿದ್ದ ದಂಪತಿ ಹಾಸಿಗೆಯ ಬಳಿಯ ಹುಲ್ಲನ್ನು ಸರಿಸಿದಾಗ ಆಕೆಯ ಶವ ಸಿಕ್ಕಿತು. ಬಾಯಿ ಮುಚ್ಚಿಕೊಂಡಿರಲು ಹಣ ಕೊಡುವುದಾಗಿ ಆಮಿಷ ಒಡ್ಡಿದರೂ ಆ ಬಡ ದಂಪತಿ ಒಪ್ಪದೆ ಪೊಲೀಸರಿಗೆ ತಿಳಿಸಿದರು. ಅಷ್ಟರಲ್ಲಿ ಶವವನ್ನು ಚಹಾ ಪೆಟ್ಟಿಗೆಯೊಂದರಲ್ಲಿ ಮಡಚಿ ತುಂಬಿ, ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ಡಾ. ರಾಬರ್ಟ್ ನಾಕ್ಸ್ ಅವರ ಶಾಲೆಗೆ ಸಾಗಿಸಿಯಾಗಿತ್ತು.

ಅಂಗರಚನಾಶಾಸ್ತ್ರವನ್ನು ಕಲಿಸುವವರು ಈ ಪ್ರಕರಣವನ್ನು ಕೇವಲ ಭೀಕರ ಕತೆಯೆಂದು ಓದಿ ಮುಗಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ಕೊಲೆಗಳಿಗೆ ಮಾರುಕಟ್ಟೆ ಒದಗಿಸಿದ್ದು ನಮ್ಮದೇ ವಿಷಯ. ಬ್ರಿಟನ್ನಿನ 1752ರ ಕಾನೂನಿನ ಪ್ರಕಾರ ಛೇದನಕ್ಕೆ, ಅಂದರೆ ಕಲಿಕೆಗಾಗಿ ಶವವನ್ನು ಕೊಯ್ದು ನೋಡುವುದಕ್ಕೆ, ಮುಖ್ಯವಾಗಿ ದೊರೆಯುತ್ತಿದ್ದುದು ಗಲ್ಲಿಗೇರಿದ ಕೊಲೆಗಾರರ ಶವಗಳು. ಛೇದನವನ್ನು ಶಿಕ್ಷೆಯ ಒಂದು ಭಾಗವೆಂದೇ ಆ ಕಾನೂನು ಪರಿಗಣಿಸಿತ್ತು. ವೈದ್ಯ ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ ಅಷ್ಟು ಶವಗಳು ಯಾವ ಮೂಲೆಗೂ ಸಾಲದೆ, ಹೊಸ ಸಮಾಧಿಗಳನ್ನು ರಾತ್ರೋರಾತ್ರಿ ಅಗೆದು ಮಾರುವ ದಂಧೆ ಹುಟ್ಟಿಕೊಂಡಿತು. ಅದನ್ನು ತಡೆಯಲು ಸಮಾಧಿಗಳ ಮೇಲೆ ಹೊದಿಸುತ್ತಿದ್ದ ಕಬ್ಬಿಣದ ಪಂಜರಗಳನ್ನು ಎಡಿನ್‌ಬರೊದ ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ಇಂದಿಗೂ ನೋಡಬಹುದು.

ಬರ್ಕ್ ಮತ್ತು ಅವನ ಜೊತೆಗಾರ ವಿಲಿಯಂ ಹೇರ್ ಸಮಾಧಿ ಅಗೆದವರಲ್ಲ. 1827ರ ನವೆಂಬರಿನಲ್ಲಿ ಹೇರ್‌ನ ವಸತಿಗೃಹದಲ್ಲಿದ್ದ ವೃದ್ಧ ಪಿಂಚಣಿದಾರನೊಬ್ಬ 4 ಪೌಂಡ್ ಬಾಕಿ ಉಳಿಸಿ ಕಾಯಿಲೆಯಿಂದ ಸತ್ತಾಗ, ಅವನ ಶವವನ್ನು ನಾಕ್ಸ್ ಶಾಲೆಗೆ ಏಳೂವರೆ ಪೌಂಡಿಗೆ ಮಾರಿ ಸಾಲ ವಸೂಲು ಮಾಡಿಕೊಂಡರು. ಅಲ್ಲಿಂದ ಮುಂದೆ ಒಂದು ವರ್ಷ ತುಂಬುವುದರೊಳಗೆ 16 ಮಂದಿಯನ್ನು ಕೊಂದರು. ಬೇಸಿಗೆಯಲ್ಲಿ ಒಂದು ಶವಕ್ಕೆ 8 ಪೌಂಡ್, ಚಳಿಗಾಲದಲ್ಲಿ 10 ಪೌಂಡ್ ಸಿಗುತ್ತಿತ್ತು. ಶವ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ಬಳಕೆಗೆ ಬರುವ ಮೊದಲಿನ ಆ ಕಾಲದಲ್ಲಿ ಸೆಕೆ ಏರಿದರೆ ದೇಹ ಬೇಗ ಕೆಡುತ್ತಿತ್ತು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಇಷ್ಟು ದಿನ ಅವರು ಸಿಕ್ಕಿಬೀಳದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೇಹದಲ್ಲೇ ಇದೆ. ಕುಡಿದು ಮೈಮರೆತವರ ಎದೆಯನ್ನು ಅದುಮಿ, ಮೂಗು ಬಾಯಿ ಮುಚ್ಚಿ ಉಸಿರುಗಟ್ಟಿಸುತ್ತಿದ್ದರು. ಪಕ್ಕೆಲುಬುಗಳು ಮೇಲೇಳದಂತೆ ತಡೆದಾಗ ಶ್ವಾಸಕೋಶ ಗಾಳಿ ಎಳೆದುಕೊಳ್ಳಲಾರದು, ಪ್ರತಿಭಟಿಸುವ ಶಕ್ತಿಯಿಲ್ಲದ ವ್ಯಕ್ತಿಯ ಮೈಮೇಲೆ ಗಾಯದ ಗುರುತೂ ಹೆಚ್ಚಾಗಿ ಉಳಿಯದು. ಡೊಕರ್ಟಿಯ ಶವವನ್ನು ಪರೀಕ್ಷಿಸಿದ ಪ್ರಾಧ್ಯಾಪಕ ರಾಬರ್ಟ್ ಕ್ರಿಸ್ಟಿಸನ್ ಕೂಡ ಉಸಿರುಗಟ್ಟಿ ಸತ್ತಿರುವ ಸಂಭವವಿದೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಕಂಡ ಗಾಯಗಳಲ್ಲಿ ಯಾವುವು ಜೀವ ಇದ್ದಾಗ ಆದವು, ಯಾವುವು ಶವವನ್ನು ಪೆಟ್ಟಿಗೆಗೆ ತುರುಕುವಾಗ ಆದವು ಎಂಬುದನ್ನು ಬೇರ್ಪಡಿಸಲು ಅವರು ಪ್ರಯೋಗಗಳನ್ನೇ ನಡೆಸಿದರು. ನ್ಯಾಯವೈದ್ಯಶಾಸ್ತ್ರದ ದೃಷ್ಟಿಯಿಂದ ಇಡೀ ಪ್ರಕರಣದಲ್ಲಿ ಗೌರವಕ್ಕೆ ಅರ್ಹವಾದ ಕೆಲಸ ಅದು.

ನಾಕ್ಸ್ ಅವರ ವಿಷಯದಲ್ಲಿ ನನಗೆ ಅಂಥ ಗೌರವವಿಲ್ಲ. ಮಣ್ಣು ಸೋಂಕದ, ಸಮಾಧಿಯ ಯಾವ ಕುರುಹೂ ಇಲ್ಲದ ಶವಗಳು ಸಾಲಾಗಿ ಬರುತ್ತಿರುವಾಗ, ದಿನವೂ ಶವಗಳನ್ನೇ ನೋಡುವ ಶಿಕ್ಷಕರಿಗೆ ಅನುಮಾನ ಹುಟ್ಟಲೇಬೇಕಿತ್ತು. ಊರಿಗೆಲ್ಲ ಪರಿಚಿತನಾಗಿದ್ದ ಜೇಮ್ಸ್ ವಿಲ್ಸನ್ ಎಂಬ ಬುದ್ಧಿಮಾಂದ್ಯ ಯುವಕನ ಶವವನ್ನು ಮೇಜಿನ ಮೇಲೆ ಕಂಡ ವಿದ್ಯಾರ್ಥಿಗಳು ಗುರುತಿಸಿದರೂ, ಅದು ಅವನಲ್ಲವೆಂದು ನಾಕ್ಸ್ ತಳ್ಳಿಹಾಕಿದರೆಂದು ಆ ಕಾಲದ ವರದಿಗಳು ಹೇಳುತ್ತವೆ. ಅವರ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಹೇರ್ ಸರ್ಕಾರಿ ಸಾಕ್ಷಿಯಾಗಿ ಬದುಕಿಕೊಂಡ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ, ಪ್ರಾಧ್ಯಾಪಕ ಅಲೆಕ್ಸಾಂಡರ್ ಮನ್ರೊ ಸಾರ್ವಜನಿಕವಾಗಿ ಛೇದಿಸಿದರು. ಆ ಅಸ್ಥಿಪಂಜರ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ.

1831ರಲ್ಲಿ ಲಂಡನ್ನಿನಲ್ಲೂ ಇಂಥದೇ ಕೊಲೆ ಬಯಲಾದ ಮೇಲೆ, 1832ರ ಅಂಗರಚನಾ ಕಾಯ್ದೆ ಜಾರಿಗೆ ಬಂದು ಶವಗಳ ಕಳ್ಳದಂಧೆಗೆ ಬಹುಮಟ್ಟಿಗೆ ತೆರೆ ಎಳೆಯಿತು. ಆದರೆ ಆ ಕಾಯ್ದೆ ಕೊಲೆಗಾರರ ಸ್ಥಾನದಲ್ಲಿ ತಂದು ಕೂರಿಸಿದ್ದು ಬಡವರನ್ನು: ನಿರ್ಗತಿಕರಿಗೆ ಆಶ್ರಯ ಕೊಟ್ಟು ದುಡಿಸುತ್ತಿದ್ದ ದುಡಿಮೆಮನೆಗಳಲ್ಲಿ ಸತ್ತು, ಕೇಳುವವರಿಲ್ಲದೆ ಉಳಿದವರ ದೇಹಗಳು ಛೇದನಕ್ಕೆ ಹೋಗತೊಡಗಿದವು. ನಮ್ಮ 1957ರ ಕರ್ನಾಟಕ ಅಂಗರಚನಾ ಕಾಯ್ದೆಯೂ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸುವುದಕ್ಕೆ ಅವಕಾಶ ಕೊಡುತ್ತದೆ. ಆ ಹೊರೆ ಅನಾಥರ ಮೇಲೆಯೇ ಬೀಳದಂತೆ ಮಾಡಬಲ್ಲದ್ದು ಸ್ವಇಚ್ಛೆಯ ದೇಹದಾನ ಮಾತ್ರ.

ದಾನ ಮಾಡಬಯಸುವವರು ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಇಚ್ಛಾಪತ್ರ ನೀಡಿ, ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿರಬೇಕು, ಏಕೆಂದರೆ ಕೊನೆಗೆ ದೇಹವನ್ನು ಒಪ್ಪಿಸುವವರು ಅವರೇ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕಣ್ಣುಗಳನ್ನು ಮೊದಲು ನೇತ್ರಭಂಡಾರಕ್ಕೆ ಕೊಟ್ಟು, ಬಳಿಕ ದೇಹವನ್ನು ಕಾಲೇಜಿಗೆ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.