ಕೈಪಿಡಿಯಲ್ಲಿ ಯಾವುದು ಮೊದಲು?

ಪುಣೆಯ ಹಿಂಜವಡಿಯ ಕಂಪನಿಯೊಂದರಲ್ಲಿ ಒಳಬಳಕೆಗೆಂದು ಚಿಕ್ಕ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟಿದ್ದಾರೆ. ಅದರ ರೆಫರೆನ್ಸ್ ಮ್ಯಾನ್ಯುಯಲ್, ಅಂದರೆ ಭಾಷೆಯ ನಿಯಮಗಳ ಕೈಪಿಡಿ, ಬರೆಯುವ ಕೆಲಸ ಧಾರವಾಡ, ಬೆಳಗಾವಿ ಕಡೆಯ ಗೆಳೆಯರ ಪಾಲಿಗೆ ಬಂದಿದೆ. ಬರೆಯೋಕೆ ಮೊದಲೇ ತಕರಾರು. "ಮೊದ್ಲು ಒಂದು ಪ್ರೋಗ್ರಾಂ ತೋರ್ಸೋಣ್ರಿ" ಅಂತ ಒಬ್ಬರು. "ಅಲ್ರಿ, ಹೆಸರು, ಅಂಕಿ, ಚಿಹ್ನೆಗಳ ನಿಯಮ ಮೊದ್ಲು ಬರ್ಲಿ" ಅಂತ ಇನ್ನೊಬ್ಬರು.

ಈ ತಕರಾರು ಹಳೆಯದು. 1956ರಲ್ಲಿ ಐಬಿಎಂ ತನ್ನ 704 ಯಂತ್ರದ ಫೋರ್ಟ್ರಾನ್ ಭಾಷೆಗೆ ಕೈಪಿಡಿ ತಂದಾಗ, ಭಾಷೆಯ ನಿಯಮದ ಜೊತೆಗೇ, ಪ್ರೋಗ್ರಾಂ ಬರೆಯಲು ತೂತು ಹಾಕುವ ಕಾರ್ಡಿನ ಯಾವ ಕಾಲಂನಲ್ಲಿ ಏನು ಪಂಚ್ ಮಾಡಬೇಕು ಅನ್ನೋದೂ ಇತ್ತು.

ಚೌಕಟ್ಟು ಗಟ್ಟಿಯಾಗಿದ್ದು 1960ರಲ್ಲಿ, ಆಲ್ಗಾಲ್ ಎಂಬ ಭಾಷೆಯ ವರದಿಯಲ್ಲಿ. ಪೀಟರ್ ನೌರ್ ಸಂಪಾದಿಸಿದ ಅದರಲ್ಲಿ ಮೊದಲು ಚಿಹ್ನೆ, ಹೆಸರು, ಸಂಖ್ಯೆ. ಆಮೇಲೆ ಎಕ್ಸ್‌ಪ್ರೆಶನ್ (ಲೆಕ್ಕದ ಸೂತ್ರ), ಸ್ಟೇಟ್‌ಮೆಂಟ್ (ಯಂತ್ರಕ್ಕೆ ಕೊಡುವ ಆದೇಶ), ಕೊನೆಗೆ ಡಿಕ್ಲರೇಶನ್ (ಯಾವ ಹೆಸರು ಏನನ್ನು ಸೂಚಿಸುತ್ತದೆ ಅನ್ನೋ ಘೋಷಣೆ). ಹೆಚ್ಚಿನ ಕಡೆ ವ್ಯಾಕರಣ, ಉದಾಹರಣೆ, ಅರ್ಥ ಇದೇ ಸಾಲಿನಲ್ಲಿ ಬರುತ್ತವೆ. ವ್ಯಾಕರಣಕ್ಕೆ ಜಾನ್ ಬ್ಯಾಕಸ್ ರೂಪಿಸಿದ ಬರಹಪದ್ಧತಿ. ಪ್ರೋಗ್ರಾಂನಲ್ಲಿ ಮೊದಲು ಬರೆಯೋ ಡಿಕ್ಲರೇಶನ್ ಪುಸ್ತಕದಲ್ಲಿ ಕೊನೆಗೆ! ಕಲಿಯುವವರಿಗೆ ಇದು ಉಲ್ಟಾ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಇಂಥ ಪುಸ್ತಕ ಪಂಚಾಂಗದ ಹಾಗೆ. ಬೇಕಾದ ಪುಟ ತೆಗೆದು ನೋಡೋದು, ಅಷ್ಟೇ.

1978ರಲ್ಲಿ ಕೆರ್ನಿಗನ್, ರಿಚಿ ಅವರ ಸಿ ಭಾಷೆಯ ಪುಸ್ತಕ ಇದಕ್ಕೆ ಜಾಣ ಉಪಾಯ ಹುಡುಕಿತು. ಪಾಠ ಅಧ್ಯಾಯಗಳಲ್ಲಿ, ಮ್ಯಾನ್ಯುಯಲ್ ಅನುಬಂಧದಲ್ಲಿ. ಪೈಥಾನ್ ಭಾಷೆಯವರು ಇನ್ನೂ ಮುಂದೆ ಹೋಗಿ ಪಾಠ, ಭಾಷೆ, ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಮೂರರ ಕೈಪಿಡಿಗಳನ್ನೂ ಬೇರೆಬೇರೆ ಇಟ್ಟಿದ್ದಾರೆ. ಹಿಂಜವಡಿಯ ಗೆಳೆಯರಿಗೂ ಇದೇ ಸರಿ ಅಂತ ನನಗನ್ನಿಸುತ್ತದೆ.

ಹಾಗೆ ಬೇರೆ ಮಾಡಿದ ಮೇಲೂ ನಿಜವಾದ ಕಷ್ಟ ಉಳಿಯುತ್ತದೆ: ಒಂದು ನಿಯಮ ಎಲ್ಲಿರಬೇಕು? -7ನ್ನು 2ರಿಂದ ಭಾಗಿಸಿ ಪೂರ್ಣಾಂಕ ಬೇಕು ಅಂದುಕೊಳ್ಳಿ. 1978ರ ಸಿ ಕೈಪಿಡಿ ಇದನ್ನು ಯಂತ್ರಕ್ಕೇ ಬಿಟ್ಟಿತ್ತು. 1999ರ ಸಿ ಸ್ಟ್ಯಾಂಡರ್ಡ್ (ಅಧಿಕೃತ ನಿಯಮಾವಳಿ) ಪ್ರಕಾರ ಉತ್ತರ -3. ಪೈಥಾನ್‌ನ // ಚಿಹ್ನೆ ಬಳಸಿದರೆ -4. ಸಿ ಕೋಡನ್ನು ಪೈಥಾನ್‌ಗೆ ಬದಲಿಸುವಾಗ ಲೆಕ್ಕ ತಪ್ಪಿದವರು ಇದನ್ನು ಭಾಗಾಕಾರದ ಕೆಳಗೆ ಹುಡುಕಬೇಕೋ, ಸಂಖ್ಯೆಗಳ ಕೆಳಗೋ? ಪೈಥಾನ್ ಎರಡೂ ಕಡೆ ಹೇಳಿದೆ, ಒಂದು ಭಾಷೆಯ ಕೈಪಿಡಿಯಲ್ಲಿ, ಇನ್ನೊಂದು ಲೈಬ್ರರಿಯದರಲ್ಲಿ. ಓದುವವರಿಗೆ ಅನುಕೂಲ. ಬರೆಯುವವರು ಮಾತ್ರ ಒಂದು ಕಡೆ ತಿದ್ದಿದಾಗ ಇನ್ನೊಂದು ಕಡೆಯೂ ಮರೆಯದೆ ತಿದ್ದಬೇಕು, ಅಲ್ವಾ? 1983ರ ಏಡಾ ಭಾಷೆಯ ಕೈಪಿಡಿ ಇಂಥ ಗೊಂದಲಕ್ಕೆ ಮೊದಲೇ ಬಾಗಿಲು ಹಾಕಿತ್ತು. ಅದರಲ್ಲಿನ ಉದಾಹರಣೆ, ಟಿಪ್ಪಣಿಗಳು ಸ್ಟ್ಯಾಂಡರ್ಡ್‌ನ ಭಾಗವಲ್ಲ ಅಂತ ಅಲ್ಲೇ ಬರೆದಿಟ್ಟಿದ್ದರು. ಅಂದರೆ ಅವು ನಿಯಮಕ್ಕೆ ತಾಳೆಯಾಗದಿದ್ದರೆ ನಿಯಮವೇ ಲೆಕ್ಕಕ್ಕೆ.